ತರಬೇತಿ ಶಾಲೆಯಲ್ಲಿ ಕಿರುಕುಳದ ದೂರು: ವಿಚಾರಣೆ ಎಲ್ಲಿಂದ ಶುರು ಮಾಡಬೇಕು?

ಕಡತ_ಕೈಲಿದೆ

ಅಗ್ನಿಶಾಮಕ ತರಬೇತಿ ಶಾಲೆಯೊಂದರ ಮೇಲೆ ಬಂದ ದೂರುಗಳ ವಿಚಾರಣೆ ನನ್ನ ಪಾಲಿಗೆ ಬಂದಿದೆ. ನಾನು ಶಾಲೆಗೆ ಹೊರಗಿನವನು. ದೂರು ಮೂರು. ಮೊದಲನೆಯದು: ಡ್ರಿಲ್‌ನಲ್ಲಿ ತಪ್ಪಿದ ಟ್ರೈನಿಯೊಬ್ಬನನ್ನು ಪೂರ್ತಿ ಫೈರ್ ಕಿಟ್ ಮತ್ತು ಬಿ.ಎ. ಸೆಟ್ (ಬೆನ್ನಿಗೆ ಕಟ್ಟುವ ಗಾಳಿ ಸಿಲಿಂಡರ್, ಮಾಸ್ಕ್ ಇರುವ ಉಸಿರಾಟದ ಸಾಧನ) ಸಮೇತ ಡ್ರಿಲ್ ಟವರ್ ಹತ್ತಿಳಿಸಿದ್ದಾರೆ, ನೀರು ಕೇಳಿದರೂ ಕೊಟ್ಟಿಲ್ಲ, ಆತ ಕುಸಿದು ಬಿದ್ದಿದ್ದಾನೆ. ಎರಡನೆಯದು: ಹೊಗೆ ಕೋಣೆಯಲ್ಲಿ 'ಗಾಬರಿ ಬಿಡಿಸಲು' ಬೋಧಕರೊಬ್ಬರು ಹಿಂದಿನಿಂದ ಬಂದು ಸಿಲಿಂಡರ್ ವಾಲ್ವ್ ಮುಚ್ಚಿದ್ದಾರೆ. ಮೂರನೆಯದು ಅನಾಮಧೇಯ ಪತ್ರ: ರಾತ್ರಿ ಎಬ್ಬಿಸಿ ಹೀಯಾಳಿಸುವುದು, ಬಾಯಿಬಿಟ್ಟರೆ ಪ್ರಾಕ್ಟಿಕಲ್‌ನಲ್ಲಿ ಫೇಲ್ ಮಾಡುವ ಬೆದರಿಕೆ.

ಶಾಲೆಯವರು 'ಬೆಂಕಿ ಕನಿಕರ ತೋರಿಸುತ್ತದೆಯೇ?' ಎಂದು ಕೇಳುತ್ತಾರೆ. ಜೊತೆಗೆ ಇಡೀ ಬ್ಯಾಚ್ ಸಹಿ ಹಾಕಿದ 'ನಮಗೇನೂ ತೊಂದರೆ ಇಲ್ಲ' ಪತ್ರವನ್ನೂ ಲಗತ್ತಿಸಿದ್ದಾರೆ. ಕಠಿಣ ತರಬೇತಿಯನ್ನೂ ಕಿರುಕುಳವನ್ನೂ ಯಾವ ಅಳತೆಗೋಲಿನಿಂದ ಬೇರ್ಪಡಿಸುವುದು? ಮೊದಲು ಯಾವುದಕ್ಕೆ ಕೈಹಾಕಲಿ?

ಹೋಸ್‌ರೀಲ್

ಹೇಳಿಕೆಗಳು ಆಮೇಲೆ. ಅಳಿಸಿಹೋಗುವ ದಾಖಲೆಗಳನ್ನು ಇವತ್ತೇ ಹಿಡಿಯಿರಿ. ಸಿಸಿಟಿವಿ ರೆಕಾರ್ಡರ್ ಡಿಸ್ಕ್ ತುಂಬಿದಂತೆ ಹಳೆಯದರ ಮೇಲೇ ಬರೆಯುತ್ತ ಹೋಗುತ್ತದೆ, ಎಷ್ಟೋ ಕಡೆ ಕೆಲವೇ ವಾರ ಉಳಿಯುತ್ತದೆ. ಮೂಲ ಫೈಲನ್ನೇ ಪಡೆಯಿರಿ. ಮಾನಿಟರ್ ಮುಂದೆ ಮೊಬೈಲ್ ಹಿಡಿದು ತೆಗೆದ ವಿಡಿಯೊ ಬೇಡ. ಅನುಮೋದಿತ ಪಾಠ ಯೋಜನೆ, ಬೋಧಕರ ಡ್ಯೂಟಿ ಚಾರ್ಟ್, ಪ್ರಥಮ ಚಿಕಿತ್ಸೆ ರಿಜಿಸ್ಟರ್, ಸ್ಟೋರ್ ವಿತರಣಾ ಪುಸ್ತಕ, ಇವತ್ತಿನವರೆಗಿನ ಅಂಕಪಟ್ಟಿ ಎಲ್ಲದರ ಪ್ರತಿ ತೆಗೆದು ಪುಟಪುಟಕ್ಕೂ ಸಹಿ ಮಾಡಿಸಿ ಸೀಲ್ ಮಾಡಿ. ಅಂಕಪಟ್ಟಿ ಏಕೆಂದರೆ, ಸೇಡು ಮೊದಲು ಕಾಣಿಸಿಕೊಳ್ಳುವುದೇ ಅಲ್ಲಿ.

ನಿಮ್ಮ ಮೊದಲ ಎರಡು ದೂರಿಗೂ ಬಿ.ಎ. ಸೆಟ್ಟೇ ದೊಡ್ಡ ಸಾಕ್ಷಿ. ಒಳಹೋಗುವವರ ಲೆಕ್ಕ ಬಾಗಿಲಲ್ಲಿ ಇಡುವ ಎಂಟ್ರಿ ಕಂಟ್ರೋಲ್ ಬೋರ್ಡಿನಲ್ಲಿ ಒಳಹೋದ ಸಮಯ ಮತ್ತು ಒತ್ತಡ ಇರುತ್ತದೆ. ಹೊರಬಂದಾಗಿನ ಒತ್ತಡವನ್ನು ಸೆಟ್‌ನ ಲಾಗ್ ಪುಸ್ತಕದಲ್ಲಿ ಬರೆದಿರಬೇಕು. 6.8 ಲೀಟರ್ ಸಿಲಿಂಡರ್, 290 ಬಾರ್‌ನಿಂದ 130ಕ್ಕೆ ಇಳಿದಿದೆ ಅಂದುಕೊಳ್ಳಿ. 160ನ್ನು 6.8ರಿಂದ ಗುಣಿಸಿದರೆ ಸುಮಾರು 1,090 ಲೀಟರ್. 12 ನಿಮಿಷದಲ್ಲಿ ಅಷ್ಟು ಖರ್ಚಾಗಿದ್ದರೆ ನಿಮಿಷಕ್ಕೆ 90 ಲೀಟರ್. ಅಧಿಕ ಒತ್ತಡದಲ್ಲಿ ಗಾಳಿ ಈ ಲೆಕ್ಕಕ್ಕಿಂತ ತುಸು ಕಡಿಮೆಯೇ ಹಿಡಿಯುತ್ತದೆ, ಅದಕ್ಕೆ ಹತ್ತು ಪರ್ಸೆಂಟ್ ಕಳೆದರೂ 80ರ ಮೇಲೇ ನಿಲ್ಲುತ್ತದೆ. ಗಾಳಿ ಎಷ್ಟು ಹೊತ್ತು ಬರುತ್ತದೆ ಎಂದು ಮೊದಲೇ ಲೆಕ್ಕ ಹಾಕುವಾಗ ಹಿಡಿಯುವುದು ನಿಮಿಷಕ್ಕೆ 40ರಿಂದ 50 ಲೀಟರ್. ಪಾಠ ಯೋಜನೆಯಲ್ಲಿ 'ಸಾಧಾರಣ ಶೋಧನೆ ಅಭ್ಯಾಸ' ಎಂದಿದ್ದು ಈ ಲೆಕ್ಕ 80 ತೋರಿಸಿದರೆ ಅಲ್ಲಿ ಬೇರೇನೋ ನಡೆದಿದೆ. ಆದರೆ ಭಯದಿಂದಲೂ ಉಸಿರು ಏರುತ್ತದೆ, ಮಾಸ್ಕ್ ಸರಿಯಾಗಿ ಕೂರದಿದ್ದರೂ ಗಾಳಿ ಸೋರುತ್ತದೆ. ಹಾಗಾಗಿ ಅದೇ ದಿನ ಅದೇ ಅಭ್ಯಾಸ ಮಾಡಿದ ಉಳಿದವರ ಅಂಕಿಯ ಪಕ್ಕದಲ್ಲಿಟ್ಟು ನೋಡಿ. ಸಿಲಿಂಡರ್‌ಗೆ ಗಾಳಿ ತುಂಬಿಸುವ ಕಂಪ್ರೆಸರ್ ಕೋಣೆಯ ಫಿಲ್ಲಿಂಗ್ ರಿಜಿಸ್ಟರನ್ನು ಮರೆಯಬೇಡಿ, ತಿದ್ದುವವರಿಗೂ ಅದು ನೆನಪಾಗುವುದಿಲ್ಲ.

ವಾಲ್ವ್ ಮುಚ್ಚಿದ ಆರೋಪಕ್ಕೆ: ಗೇಜ್ ತೋರಿಸುವುದು ವಾಲ್ವ್ ಆಚೆಗಿನ ಲೈನಿನ ಒತ್ತಡ. ವಾಲ್ವ್ ಮುಚ್ಚಿದರೆ ಕೆಲವೇ ಉಸಿರಿನಲ್ಲಿ ಅದು ಸೊನ್ನೆಗೆ ಬೀಳುತ್ತದೆ, ತೆರೆದೊಡನೆ ಹೆಚ್ಚುಕಮ್ಮಿ ಮೊದಲಿನ ಅಂಕಿಗೇ ಜಿಗಿಯುತ್ತದೆ. ಎಲೆಕ್ಟ್ರಾನಿಕ್ ಮಾನಿಟರ್ ಇರುವ ಸೆಟ್ಟಾದರೆ ಲಾಗ್‌ನಲ್ಲಿ ಈ ಇಳಿತ ಕಾಣಬಹುದು. ಕಾಣದಿದ್ದರೆ ನಡೆದಿಲ್ಲ ಎಂದಲ್ಲ: ಲಾಗ್ ನಡುನಡುವೆ ಅಂತರ ಬಿಟ್ಟು ದಾಖಲಿಸುತ್ತಿದ್ದರೆ ಹತ್ತು ಸೆಕೆಂಡಿನ ಘಟನೆ ತಪ್ಪಿಹೋಗುತ್ತದೆ. ಡೌನ್‌ಲೋಡ್ ಮಾಡುವಾಗ ಸೆಟ್‌ನ ಗಡಿಯಾರ ನಿಜ ಸಮಯಕ್ಕಿಂತ ಎಷ್ಟು ಹಿಂದೆ ಮುಂದೆ ಇದೆ ಎಂದು ಅಲ್ಲೇ ಬರೆದಿಡಿ.

ಕೋಣೆಯಲ್ಲಿದ್ದ ಇತರರಿಗೆ 'ವಾಲ್ವ್ ಮುಚ್ಚಿದ್ದು ನೋಡಿದಿರಾ' ಎಂದು ಕೇಳಿ ಪ್ರಯೋಜನವಿಲ್ಲ, ಹೊಗೆಯಲ್ಲಿ ಕೈಯೇ ಕಾಣುವುದಿಲ್ಲ. 'ಸೀಟಿ ಕೇಳಿತೇ, ಎಷ್ಟು ಹೊತ್ತು?' ಎಂದು ಕೇಳಿ. ಒತ್ತಡ ಸುಮಾರು 55 ಬಾರ್ ದಾಟಿ ಇಳಿಯುವಾಗ ಎಚ್ಚರಿಕೆ ಸೀಟಿ ಕೂಗುತ್ತದೆ. ಸಿಲಿಂಡರ್ ತುಂಬಿದ್ದರೂ ನಡುವೆ ಸೀಟಿ ಕೂಗಿ ನಿಂತಿದ್ದರೆ ಅದಕ್ಕೆ ಕಾರಣ ಬೇಕೇ ಬೇಕು. ಗೋಡೆಗೆ ಉಜ್ಜಿಕೊಂಡು ಹೋಗುವಾಗ ವಾಲ್ವ್ ಚಕ್ರ ತಾನಾಗಿ ತಿರುಗುವುದೂ ಉಂಟು. ಬೋಧಕರು ಅದನ್ನೇ ಹೇಳುತ್ತಾರೆ. ಆ ಮಾದರಿಯಲ್ಲಿ ಲಾಕ್ ಇದೆಯೇ, ಮುಚ್ಚಲು ಎಷ್ಟು ಸುತ್ತು ಬೇಕು ಎಂಬುದನ್ನು ಅದೇ ಸೆಟ್ ಹಿಡಿದು ನೋಡಿಬಿಡಿ.

ಮೂರನೇ_ಮೆಟ್ಟಿಲು

ಆ ಸಾಮೂಹಿಕ ಪತ್ರವನ್ನು ಪಕ್ಕಕ್ಕಿಡಿ, ಆದರೆ ಎಸೆಯಬೇಡಿ. ಯಾರು ಟೈಪ್ ಮಾಡಿದರು, ಎಲ್ಲಿ ಕೂರಿಸಿ ಸಹಿ ಹಾಕಿಸಿದರು, ಆಗ ಯಾವ ಬೋಧಕರು ಎದುರಿಗಿದ್ದರು ಎಂಬುದನ್ನು ಪ್ರತಿಯೊಬ್ಬರಿಗೂ ಕೇಳಿ. ಎಷ್ಟೋ ಸಲ ಆ ಪತ್ರ ಹುಟ್ಟಿದ ಬಗೆಯೇ ಮೂರನೇ ದೂರಿಗೆ ಸಾಕ್ಷಿಯಾಗುತ್ತದೆ.

ಹೇಳಿಕೆ ಪಡೆಯುವುದು ಶಾಲೆಯ ಆವರಣದಲ್ಲಿ ಬೇಡ, ಶಾಲೆ ಕಚೇರಿಯವರು ಹೆಸರು ಕೂಗಿ ಕರೆಸುವುದೂ ಬೇಡ. ದೂರುದಾರರನ್ನು ಬಿಟ್ಟು ಉಳಿದ ಬ್ಯಾಚ್ ಪೂರ್ತಿ ಹಾಜರಿ ಪಟ್ಟಿಯ ಕ್ರಮದಲ್ಲೇ ಬರಲಿ. ಒಬ್ಬೊಬ್ಬರಿಗೂ ಹೆಚ್ಚುಕಡಿಮೆ ಅಷ್ಟೇ ಸಮಯ ಕೊಡಿ, ಹೇಳುವುದೇನೂ ಇಲ್ಲ ಎಂದವರನ್ನೂ ಅಷ್ಟೇ ಹೊತ್ತು ಕೂರಿಸಿ. ಐದು ನಿಮಿಷಕ್ಕೆ ಹೊರಬಂದವನು ಯಾರು, ಒಂದು ಗಂಟೆ ಕೂತವನು ಯಾರು ಎಂದು ಲೆಕ್ಕ ಹಾಕುವ ಕಣ್ಣು ಬ್ಯಾರಕ್‌ನಲ್ಲಿ ಇದ್ದೇ ಇರುತ್ತದೆ.

ಮೊದಲು ದೂರುದಾರರು. ನಂತರ ಅಂಕದ ಹಂಗಿಲ್ಲದವರು: ಅಡುಗೆಯವರು, ಚಾಲಕರು, ಸ್ಟೋರಿನವರು, ರಾತ್ರಿ ಕಾವಲಿನವರು, ತರಬೇತಿ ಬಿಟ್ಟುಹೋದವರು, ಪಾಸಾಗಿ ಹೋದ ಹಿಂದಿನ ಎರಡು ಬ್ಯಾಚ್. ಆಮೇಲೆ ಈಗಿನ ಬ್ಯಾಚ್. ಬೋಧಕರು ಕೊನೆಗೆ, ದಾಖಲೆ ಎದುರಿಗಿಟ್ಟುಕೊಂಡು. ಅವರಿಗೆ ಆರೋಪವನ್ನು ಲಿಖಿತವಾಗಿ ಮೊದಲೇ ಕೊಟ್ಟಿರಬೇಕು. ಬೇರೆಬೇರೆ ಬಾಯಿಂದ ಅದೇ ವಾಕ್ಯ, ಅದೇ ಪದ ಬಂದರೆ ಅದು ಕಲಿಸಿದ ಪಾಠ. ಚಿಕ್ಕಪುಟ್ಟ ವ್ಯತ್ಯಾಸ ಇದ್ದರೆ ಗಾಬರಿಯಾಗಬೇಡಿ, ನಿಜವಾದ ನೆನಪು ಹಾಗೇ ಇರುತ್ತದೆ.

ಹಲ್ಲೆ ಅಥವಾ ಲೈಂಗಿಕ ಕಿರುಕುಳದ ಮಾತು ಬಂದರೆ ಅಲ್ಲಿಗೇ ನಿಲ್ಲಿಸಿ ಪೊಲೀಸರಿಗೆ ತಿಳಿಸಿ. ಕೆದಕಿ ಕೆದಕಿ ಮತ್ತೆ ಮತ್ತೆ ಹೇಳಿಸಿದರೆ ಮುಂದಿನ ಕೇಸು ಹಾಳಾಗುತ್ತದೆ.

ತುರ್ತು_ವಾರ್ಡ್

ಕುಸಿದು ಬಿದ್ದವನ ವಿಷಯದಲ್ಲಿ ವೈದ್ಯಕೀಯ ದಾಖಲೆಯನ್ನು ಅವನ ಲಿಖಿತ ಒಪ್ಪಿಗೆ ಪಡೆದೇ ತರಿಸಿ. ದೇಹದ ಒಳ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ಮೀರಿ ಮಾತು ತಡವರಿಸುತ್ತಿದ್ದರೆ, ಗೊಂದಲವಿದ್ದರೆ ಅದು ಉಷ್ಣಾಘಾತ. ಶ್ರಮದ ನಂತರ ಹಣೆ, ಕಿವಿಯ ಥರ್ಮಾಮೀಟರ್ ನಂಬುವಂಥದ್ದಲ್ಲ, ಗುದದ್ವಾರದ ಅಳತೆಯೇ ಆಗಬೇಕು. '37.8 ಇತ್ತು, ಏನೂ ಆಗಿರಲಿಲ್ಲ' ಎಂದು ಬರೆದಿದ್ದರೆ ಯಾವುದರಿಂದ ಅಳೆದರು, ಕುಸಿದ ಎಷ್ಟು ಹೊತ್ತಿನ ಮೇಲೆ ಎಂದು ಕೇಳಿ.

ಇನ್ನೊಂದು ಸ್ನಾಯು ಒಡೆಯುವ ರ‍್ಯಾಬ್ಡೊಮಯೊಲಿಸಿಸ್. ಕೋಲಾ ಬಣ್ಣದ ಮೂತ್ರ, ತೊಡೆ ಹಿಡಿದುಕೊಳ್ಳುವುದು ಇದರ ಗುರುತು. ರಕ್ತದ ಸಿ.ಕೆ. (ಸ್ನಾಯು ಒಡೆದಾಗ ರಕ್ತಕ್ಕೆ ಸೇರುವ ಕಿಣ್ವ) 1ರಿಂದ 3 ದಿನದೊಳಗೆ ಶಿಖರಕ್ಕೇರಿ, ಶ್ರಮ ನಿಂತರೆ ಮತ್ತೆ ಇಳಿಯುತ್ತದೆ. ವಾರ ಕಳೆದ ಮೇಲಿನ ರಿಪೋರ್ಟ್ ನಾರ್ಮಲ್ ಬಂದರೆ ಅದರಿಂದ ಏನೂ ತೀರ್ಮಾನಿಸಬೇಡಿ. ಅದೇ ರೀತಿ, ಬರೀ ಸಿ.ಕೆ. ಹೆಚ್ಚಿದೆ ಎಂದು ಕಿರುಕುಳ ಎನ್ನಲೂ ಆಗದು, ಸರಿಯಾದ ಡ್ರಿಲ್ ಮಾಡಿದವರಲ್ಲೂ ಅದು ಏರುತ್ತದೆ. ಕುಸಿದದ್ದಕ್ಕೂ ತಣ್ಣೀರಲ್ಲಿ ಮುಳುಗಿಸಿ ತಂಪು ಮಾಡಿದ್ದಕ್ಕೂ ನಡುವೆ ಎಷ್ಟು ನಿಮಿಷ ಹೋಯಿತು, ಆ ನಿಮಿಷಗಳಲ್ಲಿ ಯಾರು ಏನು ಮಾಡುತ್ತಿದ್ದರು ಎಂಬುದೇ ನಿಮಗೆ ಮುಖ್ಯ.

ಹೋಸ್‌ರೀಲ್

ಅಳತೆಗೋಲಿನ ಪ್ರಶ್ನೆ ಬಿಟ್ಟುಹೋಗಿತ್ತು. ಎಷ್ಟು ಕಷ್ಟ ಕೊಟ್ಟರು ಎಂದು ಅಳೆಯಲು ಹೋದರೆ ಸೋಲುತ್ತೀರಿ, ಯಾಕೆಂದರೆ ಈ ಕೆಲಸ ಕಷ್ಟದ್ದೇ. ಆ ಕೆಲಸ ಪಾಠ ಯೋಜನೆಯಲ್ಲಿತ್ತೇ, ಯಾವ ಕೌಶಲಕ್ಕಾಗಿ, ಎಲ್ಲಿ ನಿಲ್ಲಿಸಬೇಕೆಂದು ಮೊದಲೇ ಬರೆದಿತ್ತೇ, ಎಲ್ಲರಿಗೂ ಒಂದೇ ಇತ್ತೇ, ಟ್ರೈನಿ ಕೈ ಎತ್ತಿದರೆ ನಿಲ್ಲುತ್ತಿತ್ತೇ ಎಂದು ನೋಡಿ. ನೀರು ಕೊಡದಿರುವುದಕ್ಕೆ ಯಾವ ಕೌಶಲದ ಹೆಸರೂ ಇಲ್ಲ.

ಬೆಂಕಿ ಹಚ್ಚಿ ಮಾಡುವ ಅಭ್ಯಾಸದ ದೂರೂ ಬಂದರೆ ಅಮೆರಿಕದ ಅಗ್ನಿ ಸುರಕ್ಷತಾ ಸಂಸ್ಥೆ ಎನ್‌ಎಫ್‌ಪಿಎಯ 1403 ಮಾನದಂಡ ಪಕ್ಕದಲ್ಲಿರಲಿ, ಅದನ್ನು ಅಳವಡಿಸಿಕೊಳ್ಳದ ಕಡೆಯೂ ಹೋಲಿಕೆಗೆ ಬರುತ್ತದೆ. 1982ರಲ್ಲಿ ಅಮೆರಿಕದ ಬೌಲ್ಡರ್‌ನಲ್ಲಿ ಇಂಥ ಅಭ್ಯಾಸದಲ್ಲಿ ಇಬ್ಬರು ಸತ್ತ ಮೇಲೆ 1986ರಲ್ಲಿ ಬಂದದ್ದು ಅದು. ಐದು ಟ್ರೈನಿಗೆ ಒಬ್ಬ ಬೋಧಕ, ಗಾಯಾಳುವಿನ ಪಾತ್ರಕ್ಕೆ ಜೀವಂತ ಮನುಷ್ಯರನ್ನು ಇಡಬಾರದು ಎಂಬುದೆಲ್ಲ ಅದರಲ್ಲಿದೆ.

ಕಡತ_ಕೈಲಿದೆ

ವಿಚಾರಣೆ ಮುಗಿಯುವವರೆಗೆ ದೂರು ಕೊಟ್ಟ ಟ್ರೈನಿಗಳನ್ನು ಬೇರೆ ಬ್ಯಾಚ್‌ಗೆ ಹಾಕೋಣ ಎಂದು ಶಾಲೆ ಹೇಳುತ್ತಿದೆ. ಒಪ್ಪಬಹುದೇ?

ಮೂರನೇ_ಮೆಟ್ಟಿಲು

ಬೇಡ. ದೂರು ಕೊಟ್ಟವನು ಜಾಗ ಬಿಟ್ಟರೆ ಉಳಿದವರ ಬಾಯಿ ಅಲ್ಲೇ ಮುಚ್ಚುತ್ತದೆ. ಬೋಧಕರನ್ನು ಆ ಬ್ಯಾಚ್‌ನಿಂದ, ಹಾಸ್ಟೆಲ್ ಡ್ಯೂಟಿಯಿಂದ, ಮೌಲ್ಯಮಾಪನದಿಂದ ದೂರವಿಡಿ. ಆದೇಶದಲ್ಲಿ 'ಇದು ಶಿಕ್ಷೆಯಲ್ಲ' ಎಂದು ಸ್ಪಷ್ಟವಾಗಿ ಬರೆಯಿಸಿ. ಉಳಿದ ಪ್ರಾಕ್ಟಿಕಲ್‌ಗಳಿಗೆ ಹೊರಗಿನ ಪರೀಕ್ಷಕರನ್ನು ಕೇಳಿ, ಇಬ್ಬರು ಬೇರೆಬೇರೆಯಾಗಿ ಅಂಕ ಹಾಕಲಿ. ವರದಿಯಲ್ಲಿ ಒಂದೊಂದು ಆರೋಪಕ್ಕೂ ಒಂದೊಂದು ತೀರ್ಮಾನ ಇರಲಿ. 'ಸಾಬೀತಾಗಿಲ್ಲ' ಎನ್ನುವಲ್ಲಿ 'ಸುಳ್ಳು ದೂರು' ಎಂದು ಬರೆಯಬೇಡಿ. ಸುಳ್ಳು ಎನ್ನಲು ಅದಕ್ಕೇ ಬೇರೆ ಸಾಕ್ಷಿ ಬೇಕು.