ಪದಚರ್ಚೆ: ‘ಸರಂಧ್ರ ಘನ ಕ್ರಿಯಾವರ್ಧಕ’ ಎಂದರೆ ಸಾಕೇ? ರಂಧ್ರ, ಕಿಂಡಿ, ಓಣಿ, ಕುಹರಗಳ ಬಗ್ಗೆ

ಎಲ್ಲರಿಗೂ ನಮಸ್ಕಾರ.

ಉತ್ಕರ್ಷಣ (ಆಕ್ಸಿಡೇಶನ್) ಕ್ರಿಯೆಗಳಿಗೆ ಬೇಕಾದ ರಂಧ್ರಮಯ ಘನವಸ್ತುಗಳನ್ನು ಹೇಗೆ ರೂಪಿಸುತ್ತಾರೆ ಎಂಬುದರ ಮೇಲೆ ಪದವಿ ವಿದ್ಯಾರ್ಥಿಗಳಿಗಾಗಿ ಕನ್ನಡದಲ್ಲಿ ಒಂದು ದೀರ್ಘ ಲೇಖನ ಬರೆಯುತ್ತಿದ್ದೇನೆ. ಬರವಣಿಗೆ ಸಾಗುತ್ತಿದೆ, ಆದರೆ ಕೆಲವು ಪದಗಳ ಬಳಿ ಬಂದಾಗಲೆಲ್ಲ ಕೈ ನಿಲ್ಲುತ್ತದೆ. ಪಠ್ಯಪುಸ್ತಕಗಳಲ್ಲಿ ಪದಗಳಿವೆ. ಆದರೆ ಆ ಪದ ಹೇಳುವುದು ಒಂದು, ಆ ವಸ್ತು ಮಾಡುವ ಕೆಲಸ ಇನ್ನೊಂದು ಎಂಬಂತಾಗಿದೆ. ಅರ್ಥ, ಬಳಕೆ ಎರಡರ ಬಗ್ಗೆಯೂ ನಿಮ್ಮ ಅಭಿಪ್ರಾಯ ಬೇಕು.

ಮೊದಲಿಗೆ ‘ಕ್ರಿಯಾವರ್ಧಕ’, ‘ವೇಗವರ್ಧಕ’. ತಾನು ಖರ್ಚಾಗದೆ ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುವ ವಸ್ತುವಿಗೆ (ಕ್ಯಾಟಲಿಸ್ಟ್) ಎರಡೂ ಬಳಕೆಯಲ್ಲಿವೆ. ‘ವೇಗವರ್ಧಕ’ವನ್ನು ನಾನು ಬಿಟ್ಟಿದ್ದೇನೆ, ಏಕೆಂದರೆ ಭೌತವಿಜ್ಞಾನದವರು ಕಣಗಳನ್ನು ಓಡಿಸುವ ಯಂತ್ರಕ್ಕೂ ಅದೇ ಹೆಸರಿಟ್ಟಿದ್ದಾರೆ. ‘ಕ್ರಿಯಾವರ್ಧಕ’ದಲ್ಲೂ ‘ವರ್ಧಕ’ ಕೊಂಚ ತೊಡಕೇ. ರಸಾಯನವಿಜ್ಞಾನಿ ಬೆರ್ಜೀಲಿಯಸ್ 1835ರಲ್ಲಿ ‘ಕ್ಯಾಟಲಿಸಿಸ್’ ಎಂಬ ಮೂಲ ಪದವನ್ನು ಗ್ರೀಕಿನಿಂದ ಕಟ್ಟಿದಾಗ ಅದರಲ್ಲಿ ವೇಗದ ಮಾತಿರಲಿಲ್ಲ, ‘ಬಿಡಿಸು, ಸಡಿಲಿಸು’ ಎಂಬ ಅರ್ಥವಿತ್ತು. ವೇಗದ ಮೇಲೆ ನಿಂತ ವ್ಯಾಖ್ಯೆ ಬಂದದ್ದು ಆಮೇಲೆ, 1890ರ ದಶಕದಲ್ಲಿ, ಇನ್ನೊಬ್ಬ ರಸಾಯನವಿಜ್ಞಾನಿ ಓಸ್ವಾಲ್ಡ್ ಅವರಿಂದ. ನಮ್ಮ ಪದ ಹುಟ್ಟಿದ್ದು ಈ ಎರಡನೆಯ ವ್ಯಾಖ್ಯೆಯಿಂದ.

ಉತ್ಕರ್ಷಣದ ವಿಷಯಕ್ಕೆ ಬಂದಾಗ ಇದು ಯಾಕೆ ಕಾಡುತ್ತದೆಂದರೆ, ಇಲ್ಲಿ ವೇಗ ಹೆಚ್ಚಿಸುವುದು ದೊಡ್ಡ ಕಷ್ಟವಲ್ಲ. ಸಾವಯವ ವಸ್ತುವಿಗೆ ಆಕ್ಸಿಜನ್ನೂ ಕಾವೂ ಸಿಕ್ಕರೆ ಅದು ಕಾರ್ಬನ್ ಡೈಆಕ್ಸೈಡ್ ಮತ್ತು ನೀರಾಗುವವರೆಗೂ ಉರಿಯಲು ಸಿದ್ಧವಾಗಿಯೇ ಇರುತ್ತದೆ. ಪ್ರೊಪಿಲೀನ್ ಅಣುವಿಗೆ ಒಂದೇ ಒಂದು ಆಕ್ಸಿಜನ್ ಪರಮಾಣುವನ್ನು ಸೇರಿಸಿ, ಪ್ರೊಪಿಲೀನ್ ಆಕ್ಸೈಡ್ ಆದ ಕೂಡಲೇ ಕೈಬಿಡಬೇಕು. ಕ್ರಿಯಾವರ್ಧಕದ ಜಾಣತನ ಇರುವುದು ಆ ನಿಲುಗಡೆಯಲ್ಲಿ. ಹಲವು ದಾರಿಗಳಲ್ಲಿ ಒಂದನ್ನು ಮಾತ್ರ ಸುಗಮಗೊಳಿಸುವ ಈ ಗುಣಕ್ಕೆ ‘ವರಣಶೀಲತೆ’, ‘ಆಯ್ಕೆಶೀಲತೆ’ ಎಂಬ ರೂಪಗಳನ್ನು ನೋಡಿದ್ದೇನೆ. ‘ಆಯ್ಕೆಗುಣ’ ಎಂದರೆ ಓದುವವರಿಗೆ ತಕ್ಷಣ ಹೊಳೆಯುತ್ತದೆ ಎಂದು ನನ್ನ ಅನಿಸಿಕೆ. ‘ಈ ಕ್ರಿಯಾವರ್ಧಕದ ಆಯ್ಕೆಗುಣ ಹೆಚ್ಚು’ ಎಂಬ ವಾಕ್ಯ ನಿಮ್ಮ ಕಿವಿಗೆ ಹೇಗೆ ಕೇಳಿಸುತ್ತದೆ?

‘ಉತ್ಕರ್ಷಣ’ವನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ. ‘ಆಮ್ಲಜನಕೀಕರಣ’ ಸುಲಭವಲ್ಲವೇ ಎಂದು ಹಲವರು ಕೇಳುತ್ತಾರೆ, ಆದರೆ ಅದು ದಾರಿ ತಪ್ಪಿಸುತ್ತದೆ. ಬೆಂಜೈಲ್ ಆಲ್ಕೊಹಾಲ್ ಬೆಂಜಾಲ್ಡಿಹೈಡ್ ಆಗುವುದೂ ಉತ್ಕರ್ಷಣವೇ. ಅಲ್ಲಿ ಅಣುವಿನಿಂದ ಎರಡು ಹೈಡ್ರೋಜನ್ ಹೋಗುತ್ತವೆ, ಆಕ್ಸಿಜನ್ ಸೇರುವುದೇ ಇಲ್ಲ. ಅದೇ ಬೆಂಜಾಲ್ಡಿಹೈಡ್ ಮುಂದೆ ಬೆಂಜೋಯಿಕ್ ಆಮ್ಲ ಆಗುವಾಗ ಮಾತ್ರ ಆಕ್ಸಿಜನ್ ಸೇರುತ್ತದೆ. ‘ಉತ್ಕರ್ಷಣ’ದ ಜತೆಗೆ ಅದರ ವಿರುದ್ಧ ಕ್ರಿಯೆಯಾದ ‘ಅಪಕರ್ಷಣ’ ಜೋಡಿಯಾಗಿ ನಿಂತಿರುವುದೂ ಒಂದು ಅನುಕೂಲ. ಇದರ ಬಗ್ಗೆ ಹೆಚ್ಚು ಚರ್ಚೆ ಬೇಕಿಲ್ಲವೆನಿಸುತ್ತದೆ.

ನಿಜವಾದ ತೊಡಕು ‘ರಂಧ್ರ’ದಲ್ಲಿದೆ.

ರೋಮರಂಧ್ರ, ಪತ್ರರಂಧ್ರ ಎಂಬಲ್ಲೆಲ್ಲ ರಂಧ್ರವೆಂದರೆ ಮೇಲ್ಮೈಯಲ್ಲಿರುವ ಒಂದು ಬಾಯಿ. ‘ಸರಂಧ್ರ’ ಎಂದ ಕೂಡಲೇ ಓದುಗರ ಕಣ್ಣಿಗೆ ಬರುವುದೂ ಹೊರಗಿನಿಂದ ಕಾಣುವ ತೂತುಗಳೇ. ಈ ವಸ್ತುಗಳಲ್ಲಿ ನಡೆಯುವುದೆಲ್ಲ ನಡೆಯುವುದು ಒಳಗೆ. ಟಿಎಸ್-1 ಎಂಬ ಟೈಟೇನಿಯಂ ಸಿಲಿಕಲೈಟನ್ನು ನೋಡಿ. ಇಟಲಿಯ ತರಮಾಸ್ಸೊ, ಪೆರೆಗೊ, ನೋಟಾರಿ ಅವರ ಹೆಸರಿನಲ್ಲಿ 1983ರಲ್ಲಿ ಅದಕ್ಕೆ ಪೇಟೆಂಟ್ ಬಂತು. ಸಿಲಿಕಾದ ಹರಳಿನಲ್ಲಿ ಅಲ್ಲೊಂದು ಇಲ್ಲೊಂದು ಸಿಲಿಕಾನ್ ಜಾಗದಲ್ಲಿ ಟೈಟೇನಿಯಂ ಕೂತಿರುತ್ತದೆ. ಹರಳಿನೊಳಗೆ ನೇರವಾಗಿ ಸಾಗುವ ಓಣಿಗಳಿವೆ, ಅವನ್ನು ಅಡ್ಡಹಾಯುವ ಅಂಕುಡೊಂಕು ಓಣಿಗಳೂ ಇವೆ. ಅಗಲ ಸುಮಾರು 0.55 ನ್ಯಾನೊಮೀಟರ್. ನೇರ ಸರಪಳಿಯ ಹೆಕ್ಸೀನ್ ಈ ಓಣಿಗಳಲ್ಲಿ ಸಲೀಸಾಗಿ ನುಗ್ಗಿ ಟೈಟೇನಿಯಂ ಬಳಿ ಹೋಗಿ ಹೈಡ್ರೋಜನ್ ಪೆರಾಕ್ಸೈಡ್‌ನಿಂದ ಆಕ್ಸಿಜನ್ ಪಡೆಯುತ್ತದೆ. ಸೈಕ್ಲೊಹೆಕ್ಸೀನ್‌ನಲ್ಲೂ ಆರೇ ಕಾರ್ಬನ್‌ಗಳಿರುವುದು, ಆದರೆ ಉಂಗುರದಂತೆ ಸುತ್ತಿಕೊಂಡಿರುವುದರಿಂದ ಅದು ಬಾಗಿಲಲ್ಲೇ ತಡವರಿಸುತ್ತದೆ, ಕ್ರಿಯೆ ತೀರಾ ನಿಧಾನ. ಆಯ್ಕೆ ಮಾಡುತ್ತಿರುವುದು ಟೈಟೇನಿಯಂ ಮಾತ್ರವಲ್ಲ, ಓಣಿಯ ಅಗಲವೂ ಹೌದು. ‘ರಂಧ್ರ’ ಎಂಬ ಒಂದೇ ಪದದಲ್ಲಿ ಇದು ಕಾಣಿಸುವುದಿಲ್ಲ.

ಹಾಗಾಗಿ ಪದಗಳನ್ನು ಹೀಗೆ ಹಂಚಿಕೊಳ್ಳಬಹುದೇ ಎಂದು ಯೋಚಿಸಿದ್ದೇನೆ. ಒಟ್ಟಾರೆ ಹೆಸರು ‘ರಂಧ್ರ’. ಉದ್ದಕ್ಕೆ ಸಾಗುವ ದಾರಿಗೆ ‘ಓಣಿ’. ನಡುವೆ ದೊಡ್ಡದಾಗಿ ತೆರೆದುಕೊಳ್ಳುವ ಜಾಗಕ್ಕೆ ‘ಕುಹರ’. ಆ ಜಾಗದೊಳಕ್ಕೆ ಹೋಗಲು ಇರುವ ಇಕ್ಕಟ್ಟಾದ ಬಾಯಿಗೆ ‘ಕಿಂಡಿ’. ಫೌಜಸೈಟ್ ಎಂಬ ಜಿಯೋಲೈಟಿನಲ್ಲಿ (ಜಿಯೋಲೈಟ್ ಎಂದರೆ ಒಳಗೆಲ್ಲ ಅತಿ ಕಿರಿದಾದ ರಂಧ್ರಗಳಿರುವ, ಸಿಲಿಕಾನ್, ಅಲ್ಯೂಮಿನಿಯಂ, ಆಕ್ಸಿಜನ್‌ಗಳ ಹರಳು) ಕುಹರ ಸುಮಾರು 1.2 ನ್ಯಾನೊಮೀಟರ್ ಅಗಲವಿದ್ದರೂ ಅದರ ಕಿಂಡಿ 0.74 ನ್ಯಾನೊಮೀಟರ್ ಮಾತ್ರ. ಒಳಗೆ ಹಿಡಿಯುವಷ್ಟು ಜಾಗವಿದ್ದರೂ ಒಳಹೊಗಲಾರದ ಅಣುಗಳಿವೆ, ಒಳಗೇ ಕಟ್ಟಲ್ಪಟ್ಟು ಹೊರಬರಲಾರದ ಲೋಹ ಸಂಕೀರ್ಣಗಳೂ (ಲೋಹದ ಪರಮಾಣುವಿನ ಸುತ್ತ ಬೇರೆ ಅಣುಗಳು ಕೂಡಿದ ರಚನೆಗಳು) ಇವೆ. ಈ ಎರಡನೆಯದನ್ನು ಬೇಕೆಂದೇ ಮಾಡುತ್ತಾರೆ: ಸಣ್ಣ ಭಾಗಗಳನ್ನು ಒಳಗೆ ಕಳಿಸಿ ಕುಹರದಲ್ಲೇ ಜೋಡಿಸಿಬಿಟ್ಟರೆ ಸಂಕೀರ್ಣ ಅಲ್ಲೇ ಉಳಿಯುತ್ತದೆ. ಕಿಂಡಿ, ಕುಹರ ಎಂಬ ಎರಡು ಪದ ಕೈಯಲ್ಲಿದ್ದರೆ ಇದನ್ನು ಒಂದೇ ವಾಕ್ಯದಲ್ಲಿ ಹೇಳಬಹುದು. ಎಲ್ಲವನ್ನೂ ರಂಧ್ರವೆಂದರೆ ಒಂದು ಪ್ಯಾರಾ ಬೇಕು.

ಅಳತೆಯ ಹೆಸರುಗಳು ಇನ್ನೊಂದು ಸಮಸ್ಯೆ. ಅಂತಾರಾಷ್ಟ್ರೀಯ ರಸಾಯನವಿಜ್ಞಾನ ಒಕ್ಕೂಟ ರಂಧ್ರಗಳನ್ನು ಮೂರು ವರ್ಗ ಮಾಡಿದೆ: 2 ನ್ಯಾನೊಮೀಟರಿಗಿಂತ ಕಿರಿದು, 2ರಿಂದ 50ರವರೆಗೆ, 50ಕ್ಕಿಂತ ಹಿರಿದು. ಮೊದಲನೆಯದಕ್ಕೆ ‘ಸೂಕ್ಷ್ಮರಂಧ್ರ’ ಎಂದರೆ ಸೂಕ್ಷ್ಮದರ್ಶಕದಲ್ಲಿ ಕಾಣುವ ರಂಧ್ರವೆಂದು ವಿದ್ಯಾರ್ಥಿ ತಿಳಿದುಕೊಳ್ಳುತ್ತಾನೆ. ತರಗತಿಯ ಸೂಕ್ಷ್ಮದರ್ಶಕಕ್ಕೆ ಈ ಮೂರರಲ್ಲಿ ಮೊದಲ ಎರಡು ವರ್ಗ ಕಾಣುವ ಮಾತೇ ಇಲ್ಲ. ‘ಕಿರುರಂಧ್ರ, ನಡುರಂಧ್ರ, ಹಿರಿರಂಧ್ರ’ ಎಂದು ಬರೆದು ನೋಡಿದೆ. ಅರ್ಥ ಸರಿಯಾಗಿದೆ, ಆದರೆ ಕನ್ನಡ ಪದಕ್ಕೆ ಸಂಸ್ಕೃತ ಪದ ಕೂಡಿದ ಅರಿಸಮಾಸ. ತೂತು ಎಂಬ ಅರ್ಥದ ಕನ್ನಡ ಪದ ‘ಕಂಡಿ’ಯನ್ನು ಹಿಡಿದರೆ ಸಂಧಿಯಾಗಿ ಕಿರುಗಂಡಿ, ನಡುಗಂಡಿ, ಹಿರಿಗಂಡಿ ಎಂದು ಹದವಾಗಿ ಕೂಡುತ್ತವೆ. ವ್ಯಾಕರಣ ಒಪ್ಪುತ್ತದೆ, ಪದಗಳು ಮಾತ್ರ ಹೊಸವು. ವಿಜ್ಞಾನದ ಬರಹದಲ್ಲಿ ಅರಿಸಮಾಸವನ್ನು ಸಹಿಸಿಕೊಳ್ಳಬಹುದು ಎನ್ನುವವರ ಕಡೆ ನಾನು ಸ್ವಲ್ಪ ವಾಲಿದ್ದೇನೆ. ಆದರೂ ವ್ಯಾಕರಣ ಬಲ್ಲವರು ಏನೆನ್ನುತ್ತಾರೋ ಕೇಳುವ ಆಸೆ.

ಈ ವರ್ಗೀಕರಣಕ್ಕೆ ಕೆಲಸದಲ್ಲೂ ಮಹತ್ವವಿದೆ. ಟಿಎಸ್-1ರೊಳಗೆ ದಪ್ಪ ಅಣು ಹೋಗುವುದಿಲ್ಲವೆಂದು ಗೊತ್ತಾದ ಮೇಲೆ ಅಗಲವಾದ ಓಣಿಗಳಿರುವ ವಸ್ತುಗಳನ್ನು ಹುಡುಕಿದರು. 1992ರಲ್ಲಿ ಮೊಬಿಲ್ ಕಂಪನಿಯ ಸಂಶೋಧಕರು ಎಂಸಿಎಂ-41 ಎಂಬ ನಡುರಂಧ್ರಗಳ ಸಿಲಿಕಾವನ್ನು ಪ್ರಕಟಿಸಿದರು. ಸಾಬೂನಿನ ಬಗೆಯ ಅಣುಗಳು ನೀರಿನಲ್ಲಿ ಕೊಳವೆಗಳಂತೆ ಒಟ್ಟುಗೂಡುತ್ತವೆ, ಅವುಗಳ ಸುತ್ತ ಸಿಲಿಕಾ ಕಟ್ಟಿಕೊಳ್ಳುತ್ತದೆ, ಕೊನೆಗೆ ಸುಮಾರು 550 ಡಿಗ್ರಿಯಲ್ಲಿ ಸುಟ್ಟರೆ ಒಳಗಿನ ಅಣುಗಳು ಉರಿದುಹೋಗಿ ಓಣಿ ಉಳಿಯುತ್ತದೆ. ಆ ಅಣುಗಳ ಗುಂಪಿಗೆ ‘ಅಚ್ಚು’ ಎಂದಿದ್ದೇನೆ. ಅದಕ್ಕಿಂತ ಒಳ್ಳೆಯ ಪದ ಬೇಕಿಲ್ಲ. ಒಂದು ಗ್ರಾಂ ಪುಡಿಯ ಒಳ ಮೇಲ್ಮೈ ಸುಮಾರು ಸಾವಿರ ಚದರ ಮೀಟರ್. ಆದರೆ ಇದರ ಗೋಡೆಗಳು ಹರಳಿನಂತೆ ಕ್ರಮಬದ್ಧವಾಗಿಲ್ಲ, ನೀರನ್ನು ಹತ್ತಿರ ಸೇರಿಸುತ್ತವೆ. ಹಾಗಾಗಿ ಟೈಟೇನಿಯಂ ಕೂರಿಸಿದರೂ ನೀರು ಬೆರೆತ ಹೈಡ್ರೋಜನ್ ಪೆರಾಕ್ಸೈಡ್ ಜತೆ ಟಿಎಸ್-1ರಷ್ಟು ಚೆನ್ನಾಗಿ ಕೆಲಸ ಮಾಡುವುದಿಲ್ಲ. ಓಣಿ ಅಗಲಿಸಿದರೆ ಆಯಿತು ಎಂಬಷ್ಟು ಸರಳವಾಗಿಲ್ಲ ಈ ವಿನ್ಯಾಸ.

ಟೈಟೇನಿಯಂ ಕೂರುವ ಜಾಗವನ್ನು ಹೇಳಲು ‘ಹಂದರ’ ಎಂಬ ಪದ ಹಿಡಿದಿದ್ದೇನೆ. ‘ಚೌಕಟ್ಟು’ ಎಂದರೆ ಚಿತ್ರಕ್ಕೆ ಹಾಕುವ ಕಟ್ಟಿನಂತೆ ಹೊರಗಷ್ಟೇ ಇದೆ ಎನಿಸುತ್ತದೆ. ಹಂದರ ಮೂರೂ ದಿಕ್ಕಿಗೆ ಹಬ್ಬಿರುತ್ತದೆ. ‘ಹಂದರದೊಳಗಿನ ಟೈಟೇನಿಯಂ’, ‘ಹಂದರದಾಚೆಯ ಟೈಟೇನಿಯಂ’ ಎಂಬ ಭೇದ ಇಲ್ಲಿ ಬಹಳ ಮುಖ್ಯ. ಮೊದಲನೆಯದು ನಾಲ್ಕು ಆಕ್ಸಿಜನ್‌ಗಳ ನಡುವೆ ಒಂಟಿಯಾಗಿ ಕೂತು ಬೇಕಾದ ಕೆಲಸ ಮಾಡುತ್ತದೆ. ಎರಡನೆಯದು ಸಾಮಾನ್ಯವಾಗಿ ಅನಟೇಸ್ ಎಂಬ ಆಕ್ಸೈಡ್ ಗುಂಪುಗಳಾಗಿ ಹೈಡ್ರೋಜನ್ ಪೆರಾಕ್ಸೈಡನ್ನು ಸುಮ್ಮನೆ ಒಡೆದು ಹಾಳುಮಾಡುತ್ತದೆ. ಅತಿನೇರಳೆ ಬೆಳಕಿನ ಹೀರಿಕೆಯಲ್ಲಿ ಮೊದಲನೆಯದರ ಗುರುತು ಸುಮಾರು 210 ನ್ಯಾನೊಮೀಟರ್ ಬಳಿ, ಎರಡನೆಯದರದು 330ರ ಸುಮಾರಿಗೆ.

ಈಗಷ್ಟೇ ‘ಹೀರಿಕೆ’ ಎಂದೆ. ಬೆಳಕಿಗೆ ಅದು ಸರಿ. ಅನಿಲದ ಅಣುಗಳು ಘನದ ಮೇಲ್ಮೈಗೆ ಬಂದು ಹತ್ತಿಕೊಳ್ಳುವುದಕ್ಕೆ ‘ಅಧಿಶೋಷಣೆ’ ಎಂಬ ಪದವಿದೆ, ಆದರೆ ‘ಶೋಷಣೆ’ಯ ಇನ್ನೊಂದು ಅರ್ಥ ಬಳಕೆಯಲ್ಲಿ ಬಲವಾಗಿರುವುದರಿಂದ ‘ಮೇಲ್ಮೈಹೀರಿಕೆ’ ಎಂದು ಬರೆಯುತ್ತಿದ್ದೇನೆ.

ಇನ್ನೊಂದು ಪದದ ಬಗ್ಗೆ ನನಗೆ ತುಂಬಾ ಆಸ್ಥೆಯಿದೆ. ಘನದಲ್ಲಿ ಕೂರಿಸಿದ ಲೋಹ ಕ್ರಿಯೆ ನಡೆಯುವಾಗ ಕಳಚಿ ದ್ರಾವಣಕ್ಕೆ ಇಳಿದುಬಿಡುವುದುಂಟು. ವೆನೇಡಿಯಂ, ಕ್ರೋಮಿಯಂಗಳಲ್ಲಿ ಇದು ಹೆಸರಾದ ತೊಂದರೆ. ಆಗ ಕೆಲಸ ಮಾಡುತ್ತಿರುವುದು ಘನವಲ್ಲ, ದ್ರವದಲ್ಲಿ ಕರಗಿದ ಲೋಹ. ಪರೀಕ್ಷಿಸುವ ಕ್ರಮ ಹೀಗಿದೆ: ಕ್ರಿಯೆ ಅರ್ಧ ಸಾಗಿರುವಾಗ, ಕಾವು ಆರಲು ಬಿಡದೆ, ಘನವನ್ನು ಸೋಸಿ ತೆಗೆಯುತ್ತಾರೆ. ಉಳಿದ ದ್ರವದಲ್ಲಿ ಕ್ರಿಯೆ ಮುಂದುವರಿದರೆ ಲೋಹ ಹೊರಬಂದಿದೆ ಎಂದರ್ಥ. ತಣ್ಣಗಾದ ಮೇಲೆ ಸೋಸಿದರೆ ಹೊರಬಂದ ಲೋಹ ಮತ್ತೆ ಘನದ ಮೇಲೆ ಕೂತು ಸತ್ಯ ಮರೆಯಾಗಬಹುದು. ಲೋಹ ಹೀಗೆ ಕಳಚಿ ಇಳಿಯುವುದಕ್ಕೆ ‘ನಿಕ್ಷಾಲನ’ ಎಂಬ ಪದವನ್ನು ಸೂಚಿಸಿದವರಿದ್ದಾರೆ. ‘ಸೋರಿಕೆ’ ಎಂದರೆ ಪಾತ್ರೆಯೇ ಸೋರಿದಂತಾಗುತ್ತದೆ. ಮಣ್ಣಿನ ಸಾರ ನೀರಿನ ಜತೆ ಇಳಿದುಹೋಗುವುದಕ್ಕೆ ಕೃಷಿ ಬರಹಗಳಲ್ಲಿ ‘ಬಸಿದುಹೋಗು’ ಎನ್ನುತ್ತಾರಲ್ಲ, ಅದೇ ನಡೆ ಇಲ್ಲಿಯೂ ಇದೆ. ‘ಲೋಹ ಬಸಿದುಹೋಯಿತು’, ‘ಬಸಿತ ಪರೀಕ್ಷೆ’ ಎಂದು ಬರೆಯಬಹುದೆಂದು ನನಗೆ ಗಟ್ಟಿಯಾಗಿ ಅನಿಸುತ್ತದೆ. ಕ್ರಿಯಾಪದವಾಗಿಯೂ ನಾಮಪದವಾಗಿಯೂ ನಿಲ್ಲುವ ಪದ ಸಿಗುವುದೇ ಅಪರೂಪ.

ಕೊನೆಯದಾಗಿ ‘ಘನ’. ‘ಘನ ಕ್ರಿಯಾವರ್ಧಕ’ ಎಂದು ಅಂಟಿಸಿದರೆ ಘನತೆಯ ಅರ್ಥವೂ ಗಣಿತದ ಘನವೂ ನಡುವೆ ನುಸುಳುತ್ತವೆ. ‘ಘನರೂಪದ ಕ್ರಿಯಾವರ್ಧಕ’ ಎಂದು ಬಿಡಿಸಿ ಬರೆಯುತ್ತಿದ್ದೇನೆ. ಶೀರ್ಷಿಕೆಯಲ್ಲಿ ಮಾತ್ರ ಉದ್ದವಾಗುತ್ತದೆ.

ಕನ್ನಡ ಮಾಧ್ಯಮದಲ್ಲಿ ರಸಾಯನವಿಜ್ಞಾನ ಕಲಿಸಿದವರು ಮೂರು ವಿಷಯ ತಿಳಿಸಿದರೆ ಉಪಕಾರ. ತರಗತಿಯಲ್ಲಿ ಬಾಯಿಮಾತಿನಲ್ಲಿ ನೀವು ‘ಸರಂಧ್ರ’ ಎನ್ನುತ್ತಿದ್ದಿರೋ ‘ರಂಧ್ರಗಳಿರುವ’ ಎನ್ನುತ್ತಿದ್ದಿರೋ? ‘ಕಿರುಗಂಡಿ’ಯಂಥ ಹೊಸ ಪದವನ್ನು ವಿದ್ಯಾರ್ಥಿಗಳು ಒಪ್ಪಿಕೊಳ್ಳುತ್ತಾರೆಯೇ? ‘ಬಸಿತ’ ಎಂಬ ನಾಮಪದ ರೂಪ ನಿಮ್ಮ ಕಡೆ ಬಳಕೆಯಲ್ಲಿದೆಯೇ, ಅಥವಾ ‘ಬಸಿಯುವಿಕೆ’ ಎಂದೇ ಬರೆಯಬೇಕೇ?

ವಂದನೆಗಳು.