ಅಪ್‌ಡೇಟ್: ‘ಮೋನೋ ಮಾಸ್ಟರ್ಸ್’ ತಗೊಂಡೆ

ಮನೇಲಿ ಬ್ರಿಟಿಷ್ ಬ್ಯಾಂಡ್ ಬೀಟಲ್ಸ್‌ನ ‘ಪಾಸ್ಟ್ ಮಾಸ್ಟರ್ಸ್’ ಇರುವಾಗ ‘ಮೋನೋ ಮಾಸ್ಟರ್ಸ್’ ಕೂಡ ಬೇಕಾ ಅಂತ ಹಿಂದೆ ಕೇಳಿದ್ದೆನಲ್ಲ, ಕೊನೆಗೂ ತಗೊಂಡೆ. ಎರಡೂ ಅವರ ಆಲ್ಬಮ್‌ಗಳಲ್ಲಿ ಸೇರದ ಹಾಡುಗಳ ಸಂಗ್ರಹ: ಮೊದಲನೆಯದು ಹೆಚ್ಚಾಗಿ ಸ್ಟೀರಿಯೋ (ಎರಡು ಸ್ಪೀಕರ್‌ನಲ್ಲಿ ಬೇರೆ ಬೇರೆ ಸದ್ದು), ಎರಡನೆಯದು ಮೋನೋ (ಎಲ್ಲ ಸದ್ದೂ ಒಂದೇ ಆಗಿ). 2014ರ ಮೂರು ಎಲ್‌ಪಿ (ದೊಡ್ಡ ಗ್ರಾಮಫೋನ್ ರೆಕಾರ್ಡ್) ಸೆಟ್, ಸೆಕೆಂಡ್ ಹ್ಯಾಂಡ್.

ಮೊದಲು ‘ಪೇಪರ್‌ಬ್ಯಾಕ್ ರೈಟರ್’ ಹಾಕಿದೆ. ಸ್ಟೀರಿಯೋದಲ್ಲಿ ಒಂದೊಂದು ಸದ್ದು ಒಂದೊಂದು ಮೂಲೆ ಅನ್ನೋ ಹಾಗೆ ಕೇಳ್ತಿತ್ತು. ಇಲ್ಲಿ ಎಲ್ಲ ಒಟ್ಟಿಗೆ ಎದುರಿಗೇ ಬಂದು ಬಡಿಯುತ್ತೆ, ಬೇಸ್ ಅಂತೂ ಎದೆಗೇ ತಾಗುತ್ತೆ. ‘ಶಿ ಲವ್ಸ್ ಯೂ’ನಲ್ಲಿ ಮಾತ್ರ ಅಂಥ ವ್ಯತ್ಯಾಸ ಇಲ್ಲ. ಇರೋದಾದ್ರೂ ಹೇಗೆ, ಸ್ಟೀರಿಯೋ ಮಾಡೋಕೆ ಬೇಕಾದ ಅದರ ಮೂಲ ಟೇಪೇ ಉಳಿದಿಲ್ಲ, ಹಾಗಾಗಿ ‘ಪಾಸ್ಟ್ ಮಾಸ್ಟರ್ಸ್’ನಲ್ಲೂ ಅದು ಮೋನೋನೇ.

‘ಪಾಸ್ಟ್ ಮಾಸ್ಟರ್ಸ್’ನಲ್ಲಿರೋ ‘ದಿ ಬ್ಯಾಲಡ್ ಆಫ್ ಜಾನ್ ಆ್ಯಂಡ್ ಯೋಕೋ’ ಹಾಡು ಇದರಲ್ಲಿ ಕಾಣದೆ, ಮಾರಿದವನು ಯಾವುದೋ ಡಿಸ್ಕ್ ಇಟ್ಟುಕೊಂಡಿದ್ದಾನೆ ಅಂತ ಸುಮ್ನೆ ಬೈಕೊಂಡೆ. ಪಾಪ, ಅವನ ತಪ್ಪಲ್ಲ. 1969ರ ಆ ಸಿಂಗಲ್ (ಬಿಡಿ ಹಾಡಿನ ರೆಕಾರ್ಡ್) ಬ್ರಿಟನ್‌ನಲ್ಲಿ ಸ್ಟೀರಿಯೋದಲ್ಲೇ ಬಂದಿದ್ದು, ಮೋನೋ ಮಿಕ್ಸ್ (ಹಾಡು, ವಾದ್ಯ ಎಲ್ಲ ಹದವಾಗಿ ಬೆರೆಸಿದ ಆವೃತ್ತಿ) ಮಾಡೇ ಇರಲಿಲ್ಲ.

ನಾನು ಕೇಳಿದಾಗ ಯಾರೂ ಹೇಳದೆ ಬಿಟ್ಟಿದ್ದು ಒಂದಿದೆ: ‘ಯೆಲ್ಲೋ ಸಬ್‌ಮರೀನ್’ ಆಲ್ಬಮ್‌ನ ನಾಲ್ಕು ಹಾಡುಗಳ ನಿಜವಾದ ಮೋನೋ ಮಿಕ್ಸ್ ಇದರಲ್ಲೇ ಇದೆ. ಆ ಆಲ್ಬಮ್‌ನ ಆಗಿನ ಮೋನೋ ಎಲ್‌ಪಿ ಬರೀ ಸ್ಟೀರಿಯೋದ ಎರಡೂ ಬದಿ ಕೂಡಿಸಿ ಮಾಡಿದ್ದು. ಆ ನಾಲ್ಕರಲ್ಲಿ ‘ಹೇ ಬುಲ್‌ಡಾಗ್’ ಒಂದಕ್ಕೇ ದುಡ್ಡು ವಸೂಲಾಯ್ತು.

ಹಳೇ ‘ಪಾಸ್ಟ್ ಮಾಸ್ಟರ್ಸ್’ನ ಮಾರಲ್ಲ, ಕೇಳಬೇಡಿ.