ಸೇವಂತಿಗೆ ಬರೀ ಎಲೆ ಬಿಡ್ತಿದೆ, ಮೊಗ್ಗೇ ಇಲ್ಲ. ಏನು ಮಾಡಲಿ?

ಚಿಗುರುಪ್ರೇಮಿ: ಸಾಕಾಗಿ ಹೋಗಿದೆ. ಗೆಳತಿಯ ಗಿಡದಿಂದ ಕಡ್ಡಿ ತಂದು ನೆಟ್ಟಿದ್ದು. ಅವಳ ತಾಯಿಗಿಡ ಮೈತುಂಬಾ ಹೂ ಬಿಟ್ಟಿದೆ, ನನ್ನದರಲ್ಲಿ ಒಂದು ಮೊಗ್ಗೂ ಇಲ್ಲ. ನೀರು, ಬಿಸಿಲು, ಗೊಬ್ಬರ ಎಲ್ಲ ಸರಿಯಾಗೇ ಇದೆ.

ಮಣ್ಣುಹುಳು: ಸಾರಜನಕ ಜಾಸ್ತಿ ಆಗಿದೆ. ಯೂರಿಯಾ ನಿಲ್ಲಿಸಿ, ಪೊಟ್ಯಾಶ್ ಕೊಡಿ.

ಚಿಗುರುಪ್ರೇಮಿ: ಯೂರಿಯಾ ಹಾಕೇ ಇಲ್ಲ. ಪೊಟ್ಯಾಶ್ ಕೊಟ್ಟಾಯ್ತು, ಏನೂ ಆಗಲಿಲ್ಲ.

ಮಣ್ಣುಹುಳು: ಹಾಗಾದರೆ ಸಾಲದು, ಇನ್ನೊಂದು ಸಲ ಕೊಡಿ. ಮಣ್ಣಿನ ಪಿಎಚ್, ಅಂದರೆ ಹುಳಿ-ಕ್ಷಾರದ ಮಟ್ಟ, ನೋಡಿದಿರಾ?

ಕಸಿಗಾರ: ಕಡ್ಡಿಯಲ್ಲೇ ಜೀನ್ ಬದಲಾಗಿರಬೇಕು. ಸೇವಂತಿಗೆಯಲ್ಲಿ ಒಂದೇ ಕೊಂಬೆ ಬೇರೆ ಬಣ್ಣದ ಹೂ ಬಿಡೋದುಂಟಲ್ಲ. ಕಿತ್ತು ಬೇರೆ ಕಡ್ಡಿ ನೆಡಿ.

ಎಲೆಗಣ್ಣು: ದಯವಿಟ್ಟು ಕೀಳಬೇಡಿ. ರಾತ್ರಿ ಹೊತ್ತು ಗಿಡದ ಮೇಲೆ ಬೆಳಕು ಬೀಳುತ್ತಾ?

ಚಿಗುರುಪ್ರೇಮಿ: ಮೆಟ್ಟಿಲ ದೀಪ ರಾತ್ರಿಯಿಡೀ ಉರಿಯುತ್ತೆ. ಸಣ್ಣ ಎಲ್‌ಇಡಿ. ಅದಕ್ಕೂ ಹೂವಿಗೂ ಏನು ಸಂಬಂಧ?

ಎಲೆಗಣ್ಣು: ಅದೇ ಕಾರಣ ಅಂತ ನನ್ನ ಬಲವಾದ ಅನುಮಾನ. ಎರಡೂ ಗಿಡದ ಜೀನ್ ಒಂದೇ. ಆದರೆ ಯಾವ ಜೀನ್ ಕೆಲಸ ಮಾಡ್ತಿದೆ ಅನ್ನೋದು ಎರಡರಲ್ಲೂ ಬೇರೆ ಬೇರೆ. ಸೇವಂತಿಗೆಗೆ ಅಡಚಣೆಯಿಲ್ಲದ ಉದ್ದ ಕತ್ತಲು ಬೇಕು. ಆಗ ಎಲೆಯಲ್ಲಿ ಎಫ್‌ಟಿಎಲ್3 ಎಂಬ ಜೀನ್ ಚುರುಕಾಗಿ, ಅದರ ಪ್ರೋಟೀನ್ ಕುಡಿಗೆ ಹೋಗಿ ಮೊಗ್ಗು ಹುಟ್ಟಿಸುತ್ತೆ. ನಡುರಾತ್ರಿ ಬೆಳಕು ಬಿದ್ದರೆ ಎಲೆಯಲ್ಲಿ ಬೆಳಕನ್ನು ಗುರುತಿಸೋ ಫೈಟೋಕ್ರೋಮ್ ಎಂಬ ಪ್ರೋಟೀನ್ ಅದನ್ನು ಗ್ರಹಿಸಿ ಎಎಫ್‌ಟಿ ಎಂಬ ಇನ್ನೊಂದು ಜೀನನ್ನು ಎಬ್ಬಿಸುತ್ತೆ. ಅದರ ಪ್ರೋಟೀನೂ ಕುಡಿಗೇ ಹೋಗಿ ಹೂವನ್ನು ತಡೆಯುತ್ತೆ. ಕಾಡು ಸೇವಂತಿಗೆಯಲ್ಲಿ ಇದು 2013ರಲ್ಲೇ ಗೊತ್ತಾಗಿದೆ. ಬೆಳೆಗಾರರು ಹೂ ತಡ ಮಾಡಿಸಲು ಬೇಕೆಂದೇ ರಾತ್ರಿ ದೀಪ ಹಾಕ್ತಾರೆ, ನೂರು ಲಕ್ಸ್ (ಬೆಳಕಿನ ಪ್ರಮಾಣದ ಅಳತೆ) ಆಸುಪಾಸು ಸಾಕು.

ಮಣ್ಣುಹುಳು: ಒಪ್ಪಲ್ಲ. ನನ್ನ ಸೇವಂತಿಗೆ ಬೀದಿದೀಪದ ಕೆಳಗೇ ಹೂ ಬಿಡುತ್ತೆ.

ಎಲೆಗಣ್ಣು: ಯಾವ ತಳಿ? ದಿನದ ಉದ್ದವನ್ನು ಅಷ್ಟಾಗಿ ಲೆಕ್ಕಿಸದ ತಳಿಗಳೂ ಇವೆ.

ಬೆಳಕಿನಕೋಣೆ: ಇದಕ್ಕೇ ನಾನು ಎಲ್ಲವನ್ನೂ ಟೆಂಟ್ ಒಳಗೆ ಇಟ್ಟಿದ್ದೀನಿ. ಫುಲ್ ಸ್ಪೆಕ್ಟ್ರಮ್ ಪ್ಯಾನೆಲ್, ಎರಡು ಟೈಮರ್, ಎಕ್ಸಾಸ್ಟ್ ಫ್ಯಾನ್. ಒಂದು ಕೂದಲೆಳೆ ಬೆಳಕೂ ನುಸುಳಲ್ಲ. ಫೋಟೋ ಬೇಕಾ?

ಕಸಿಗಾರ: ಪ್ಯಾನೆಲ್ ಎಷ್ಟು ವ್ಯಾಟ್? ಡಿಮ್ಮರ್ ಇದೆಯಾ?

ಚಿಗುರುಪ್ರೇಮಿ: ಟೆಂಟ್ ಮಾತು ಬೇರೆ ಕಡೆ ಮಾಡಿ, ದಯವಿಟ್ಟು. ಆ ದೀಪ ಆರಿಸೋ ಹಾಗಿಲ್ಲ, ಬೇರೆಯವರೂ ಓಡಾಡ್ತಾರೆ. ಕುಡಿಗೆ ಮಾತ್ರ ಕಪ್ಪು ಚೀಲ ಕಟ್ಟಿದರೆ ಸಾಕಾ?

ಎಲೆಗಣ್ಣು: ಸಾಲದು. ಕತ್ತಲನ್ನು ಅಳೆಯೋದು ಎಲೆ. ಸೋವಿಯತ್ ಸಸ್ಯವಿಜ್ಞಾನಿ ಚೈಲಾಖ್ಯಾನ್ 1930ರ ದಶಕದಲ್ಲಿ ಇದೇ ಗಿಡದಲ್ಲಿ ತೋರಿಸಿದ್ದಾರೆ: ಎಲೆಗೆ ಕಿರುಹಗಲು, ಅಂದರೆ ಚಿಕ್ಕ ಹಗಲು ಉದ್ದ ರಾತ್ರಿ, ಸಿಕ್ಕರೆ ಕುಡಿಗೆ ಬೆಳಕು ಹೆಚ್ಚಾದರೂ ಹೂ ಬರುತ್ತೆ. ಸಂಜೆ ಐದರಿಂದ ಬೆಳಗ್ಗೆ ಏಳೆಂಟರವರೆಗೆ ಇಡೀ ಗಿಡ ಮುಚ್ಚಿ, ದಿನ ತಪ್ಪಿಸಬೇಡಿ. ದಪ್ಪ ಬಟ್ಟೆ ಒಳ್ಳೇದು. ಪ್ಲಾಸ್ಟಿಕ್ ಒಳಗೆ ಸೆಕೆ ಹೆಚ್ಚಿದರೆ ಮೊಗ್ಗು ಮತ್ತೆ ತಡವಾಗುತ್ತೆ. ಮೊಗ್ಗು ಬಣ್ಣ ತೋರಿಸಿದ ಮೇಲೆ ಮುಚ್ಚೋದು ನಿಲ್ಲಿಸಬಹುದು.

ಮಣ್ಣುಹುಳು: ಪಿಎಚ್ ಇನ್ನೂ ಹೇಳಿಲ್ಲ ನೀವು.

ಚಿಗುರುಪ್ರೇಮಿ: ದಿನಾ ಮುಚ್ಚೋದು ಕಷ್ಟ. ದೀಪಕ್ಕೇ ಕೆಂಪು ಹಾಳೆ ಸುತ್ತಿದರೆ?

ಎಲೆಗಣ್ಣು: ಕೆಂಪು ಬೇಡವೇ ಬೇಡ. ಫೈಟೋಕ್ರೋಮ್ ಹೆಚ್ಚು ಹೀರೋದು 660 ನ್ಯಾನೋಮೀಟರ್ ತರಂಗಾಂತರದ ಆಸುಪಾಸಿನ ಕೆಂಪನ್ನೇ. ಕುಂಡ ಎತ್ತಲು ಆಗುತ್ತೆ ಅಂದರೆ ದೀಪ ಕಾಣದ ಕಡೆಗೆ ಒಯ್ಯಿರಿ.